ಕೌದಿಯ ಕೋಟು

ಪತ್ರಿಕೆಯವರು ಮತ್ತೆ ಫೋನು ಮಾಡಿದ್ದರು. ಪ್ಯಾರಿಸ್ಸಿನಲ್ಲಿ ಹೊಸ ಫ್ಯಾಷನ್ ಶೋಗಳೆಲ್ಲ ಮುಗಿದವಂತೆ, ನಿಮ್ಮ ಅಂಕಣ ಎಲ್ಲಿ ಎಂದು ಕೇಳಿದರು. ಬರೆಯುತ್ತೇನೆ ಅಂದೆ. ಬೀದರಿನ ನನ್ನ ಮನೆಯಲ್ಲಿ ಫೋನು ಗೋಡೆಗೆ ಒರಗಿಸಿಟ್ಟುಕೊಂಡು ನೋಡುತ್ತ ಕೂತೆ. ಮೂಳೆ ಎದ್ದ ಹುಡುಗಿಯರು ಯಾರ ಮೇಲೋ ಸಿಟ್ಟಾದ ಮುಖ ಮಾಡಿಕೊಂಡು ಒಬ್ಬರ ಹಿಂದೊಬ್ಬರು ಬಂದರು, ತಿರುಗಿ ಹೋದರು. ಎದ್ದು ನೀರು ಕುಡಿದೆ. ಮತ್ತೆ ಕೂತೆ. ನಾಲ್ಕು ಸಾಲು ಬರೆದು ಹೊಡೆದು ಹಾಕಿದೆ. "ಇವ್ರಿಗೆಲ್ಲ ಬಸ್ಸು ತಪ್ಪ್ಯಾದೇನು? ಹಂಗ್ಯಾಕ ಮಾರಿ ಮಾಡ್ಯಾರ?" ಎಂದು ಕೇಳುವವರು ಈಗ ಇಲ್ಲ. ಅವರಿಲ್ಲದೆ ಈ ಶೋಗಳನ್ನು ನೋಡುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ಮೇಡಂ ತೀರಿಕೊಂಡು ತಿಂಗಳ ಮೇಲಾಯಿತು. ಭಾಲ್ಕಿಯ ಪಿಯು ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದವರು. ನಾನು ಬಟ್ಟೆಯ ಬಗ್ಗೆ ಬರೆಯುವುದಕ್ಕೂ, ಒಂದು ಕಾದಂಬರಿ ಬರೆದದ್ದಕ್ಕೂ, ಎರಡರಲ್ಲೂ ಕಾಲಿಟ್ಟು ಯಾವುದರಲ್ಲೂ ನೆಟ್ಟಗೆ ನಿಲ್ಲದಿರುವುದಕ್ಕೂ ಅವರೇ ಕಾರಣ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಭಾಲ್ಕಿಯಲ್ಲಿ ಅವರಿಗೆ ಹೆಸರು ಬೇಕಾಗಿಯೂ ಇರಲಿಲ್ಲ. "ಡ್ರೆಸ್ಸಿನ ಮೇಡಂ" ಅಂದರೆ ಆಟೋದವರು ನೇರವಾಗಿ ಅವರ ಬಾಗಿಲ ಮುಂದೆ ತಂದು ಇಳಿಸುತ್ತಿದ್ದರು. ಹಾಗೆ ಅನ್ನುವಾಗ ಕೆಲವರು ಸಣ್ಣಗೆ ನಗುತ್ತಿದ್ದರು ಎಂಬುದೂ ನಿಜ.

ಔರಾದ್ ಕಡೆಯ ಮುದುಕಿಯರು ಮರಾಠಿ ರೀತಿಯಲ್ಲಿ ಕಚ್ಚೆ ಹಾಕಿ ಸೀರೆ ಉಡುತ್ತಾರಲ್ಲ, ಮೇಡಂ ಹಾಗೆ ಉಡುತ್ತಿದ್ದರು. ಆದರೆ ಅದರ ಮೇಲೆ ಕತ್ತಿನ ತನಕ ಬರುವ ಕಾಲರಿನ ಕುಪ್ಪಸ, ಮಣಿಕಟ್ಟಿನವರೆಗೆ ಬಿಗಿಯಾದ ತೋಳು, ಸೊಂಟಕ್ಕೆ ಗಂಡಸರ ಬೆಲ್ಟು, ಕಾಲಿಗೆ ಎತ್ತರದ ಹಿಮ್ಮಡಿಯ ಚಪ್ಪಲಿ. ಅಜ್ಜಿಯ ಉಡುಗೆಗೂ ವಿದೇಶಿ ಮ್ಯಾಗಜೀನಿಗೂ ಮದುವೆ ಮಾಡಿಸಿದ ಹಾಗಿರುತ್ತಿತ್ತು. ಭಾಲ್ಕಿಯ ಬಸ್‌ಸ್ಟ್ಯಾಂಡೇ ಅವರ ರ್‍ಯಾಂಪು. ಕೆಳಗೆ ನೋಡದೆ, ಗದ್ದ ಎತ್ತಿಕೊಂಡು, ಗದ್ದಲದ ನಡುವೆ ಗೆರೆ ಎಳೆದ ಹಾಗೆ ನಡೆಯುತ್ತಿದ್ದರು. ಒಮ್ಮೆ ನಾನು ಜೊತೆಯಲ್ಲಿದ್ದಾಗ ಸಗಣಿಯ ಮೇಲೆ ಕಾಲಿಟ್ಟರು. ನಾನು ನಿಂತೆ. ಅವರು ನಿಲ್ಲಲಿಲ್ಲ. "ನಿಂತ್ರ ಎಲ್ಲಾರಿಗೂ ಗೊತ್ತಾಗ್ತದ. ನಡೀ" ಎಂದು ಹಲ್ಲು ಕಚ್ಚಿಕೊಂಡೇ ಹೇಳಿದರು. ಮನೆಗೆ ಹೋದ ಮೇಲೆ ಚಪ್ಪಲಿ ತೊಳೆಯುತ್ತ ಇಡೀ ಪುರಸಭೆಗೆ ಶಾಪ ಹಾಕಿದರು.

ಶನಿವಾರ ನಮ್ಮ ಕಾಲೇಜಿನಲ್ಲಿ ಯೂನಿಫಾರ್ಮ್ ಇರಲಿಲ್ಲ. ಹುಡುಗಿಯರೆಲ್ಲ ಬಣ್ಣದ ಬಟ್ಟೆಯಲ್ಲಿ ಬರುವ ದಿನ. ಅವತ್ತು ಮಧ್ಯಾಹ್ನ ಮೇಡಂ ಇಷ್ಟವಿದ್ದವರನ್ನು ಕೂಡಿಸಿಕೊಂಡು ಕಾದಂಬರಿ ಓದಿಸುತ್ತಿದ್ದರು. ಅದೂ ಒಂದೇ ಜಾತಿಯ ಕಾದಂಬರಿ: ಒಬ್ಬ ಹುಡುಗ ಅಥವಾ ಹುಡುಗಿ ಬೆಳೆದು ದೊಡ್ಡವರಾಗುವ ಕಥೆ. ಕನ್ನಡದ್ದು, ಮರಾಠಿಯಿಂದ ಬಂದದ್ದು, ಎಲ್ಲೆಲ್ಲಿಯದೋ ಅನುವಾದ. ನಾನು ಔರಾದಿನಿಂದ ಬಂದು ಹಾಸ್ಟೆಲಿನಲ್ಲಿದ್ದೆ. ಶನಿವಾರ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವುದು ತಪ್ಪುತ್ತದೆ ಎಂದು ಹೋಗಿ ಕೂತೆ. ಮೊದಲ ದಿನವೇ ಅವರು ಪುಸ್ತಕ ತೆರೆಯದೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿದರು.

"ಇವತ್ತು ನೀ ತೊಟ್ಟೀಯಲ್ಲ, ಇದನ್ನ ಯಾರು ಆರಿಸ್ಯಾರ?"

ಅವ್ವ ಅಂದಳು ಒಬ್ಬಳು. ಕಾಕಾ ಹೈದರಾಬಾದಿನಿಂದ ತಂದಾನ್ರಿ ಅಂದಳು ಇನ್ನೊಬ್ಬಳು. ಅಕ್ಕನಿಗೆ ಬಿಗಿಯಾಯಿತೆಂದು ಬಂದದ್ದು, ಮದುವೆಯಲ್ಲಿ ಕೊಟ್ಟದ್ದು, ದೀಪಾವಳಿಗೆ ಎಲ್ಲರಿಗೂ ಒಂದೇ ತಾನಿನ ಬಟ್ಟೆಯಲ್ಲಿ ಹರಿಸಿದ್ದು. ನಾನೇ ಆರಿಸಿದೆ ಎಂದು ಒಬ್ಬಳೂ ಹೇಳಲಿಲ್ಲ.

"ನೋಡ್ರಿ," ಅಂದರು ಮೇಡಂ. "ಹುಟ್ಟಿದಾಗ ಬ್ಯಾರೆಯವ್ರು ತೊಡಸ್ತಾರ. ಮೈನೆರೆದಾಗ ಬ್ಯಾರೆಯವ್ರು ಸೀರಿ ಉಡಸ್ತಾರ. ಮದಿವ್ಯಾಗೂ ಅವರೇ. ಸತ್ತಾಗೂ ಅವರೇ. ನಡುವ ಯಾವಾಗರ ಒಂದು ಸಲ ನೀವಾಗೇ ಉಡ್ರಿ. ಅವತ್ತು ನೀವು ದೊಡ್ಡವ್ರಾದ್ರಿ ಅಂತ ತಿಳೀರಿ. ಈ ಕಾದಂಬರಿ ಬರೆಯೋರಿಗಿ ಇಷ್ಟೂ ಗೊತ್ತಿಲ್ಲ."

ಕಾದಂಬರಿಕಾರರ ಮೇಲೆ ಅವರಿಗಿದ್ದ ಸಿಟ್ಟು ಸಣ್ಣದಲ್ಲ. ಪುಸ್ತಕದ ಅಂಚಿನಲ್ಲಿ ಬಟ್ಟೆಯ ಮಾತು ಬಂದಲ್ಲೆಲ್ಲ ಪೆನ್ಸಿಲಿನ ಗುರುತು ಹಾಕುತ್ತಿದ್ದರು. ಗುರುತಿಲ್ಲದ ಪುಸ್ತಕ ಅವರ ಲೆಕ್ಕದಲ್ಲಿ ಸುಳ್ಳು ಪುಸ್ತಕ. "ಅರ್ಧ ಪುಸ್ತಕ ಆತು, ಹುಡುಗಿ ಇನ್ನಾ ಅದೇ ಲಂಗದ ಮ್ಯಾಲೆ ಅದಾಳ. ಐದು ವರ್ಷದಾಗ ಲಂಗ ಗಿಡ್ಡ ಆಗಂಗಿಲ್ಲೇನು? ಇವನ ಮನ್ಯಾಗ ಹೆಣ್ಮಕ್ಕಳೇ ಇಲ್ಲೇನು?" ಎಂದು ಲೇಖಕನನ್ನು ಎದುರಿಗೆ ಕೂಡಿಸಿಕೊಂಡವರ ಹಾಗೆ ಬೈಯುತ್ತಿದ್ದರು. ಹುಡುಗ ಬೆಳೆಯುವ ಕಥೆಯಲ್ಲಿ ಹುಡುಗ ಊರು ಬಿಡುತ್ತಾನೆ, ಹುಡುಗಿ ಬೆಳೆಯುವ ಕಥೆಯಲ್ಲಿ ಹುಡುಗಿ ಕಿಟಕಿಯಲ್ಲಿ ನಿಲ್ಲುತ್ತಾಳೆ ಎಂಬುದು ಅವರ ಇನ್ನೊಂದು ತಕರಾರು. ನಾವು ನಗುತ್ತಿದ್ದೆವು. ಆಮೇಲೆ ಹಾಸ್ಟೆಲಿನ ಕಿಟಕಿಯಲ್ಲಿ ನಿಂತಾಗ ನನಗೆ ಒಂಥರಾ ನಾಚಿಕೆಯಾಗಿ ಸರಿದು ಬರುತ್ತಿದ್ದೆ.

ಇದೆಲ್ಲ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ, ನಾನು ಬೀದರಿನಲ್ಲಿ ನೌಕರಿಗೆ ಸೇರಿ, ರಜೆಯ ದಿನ ಅವರ ಮನೆಗೆ ಹೋಗಿ ಬರಲು ಶುರು ಮಾಡಿದ ಮೇಲೆ. ಅವರನ್ನು ಠಾಣಾ ಕುಶನೂರಿಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಗಂಡ ತೀರಿಹೋದರು. ಇವರಿಗಿನ್ನೂ ಇಪ್ಪತ್ತು ದಾಟಿರಲಿಲ್ಲ. ಆ ಮನೆಯ ಹಿರಿಯ ಹೆಂಗಸರು ಬೂದಿ ಬಣ್ಣದ ಎರಡು ಸೀರೆ ತಂದು ಮಂಚದ ಮೇಲಿಟ್ಟರಂತೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಒಂದು ಮಾತು ಆಡಲಿಲ್ಲ. ಇಟ್ಟು ಹೋದರು ಅಷ್ಟೇ. ತವರಿಗೆ ಬಂದು, ಓದಿ, ಭಾಲ್ಕಿಯಲ್ಲಿ ನೌಕರಿ ಸಿಕ್ಕಿ ಎಷ್ಟೋ ವರ್ಷ ಕಳೆದರೂ ಮೇಡಂ ಬೂದಿ ಬಣ್ಣದಲ್ಲೇ ಇದ್ದರು. ಆಮೇಲೆ ಒಂದು ದಿನ ಅಂಗಡಿಯಲ್ಲಿ ಕಡು ಹಳದಿ ಸೀರೆಯೊಂದನ್ನು ಕೊಂಡರು. ಕೊಂಡರು ನಿಜ, ಉಡಲು ಧೈರ್ಯ ಬರಲಿಲ್ಲ. ಬಾಗಿಲು ಹಾಕಿಕೊಂಡು ಉಟ್ಟು, ಕನ್ನಡಿ ನೋಡಿ, ಬಿಚ್ಚಿಡುತ್ತಿದ್ದರಂತೆ. ಹೀಗೇ ಒಂದು ಬೇಸಿಗೆ ಹೋಯಿತು.

"ಒಂದು ದಿನ ಉಟ್ಟಾಕಿ ಬಿಚ್ಚಲೇ ಇಲ್ಲ ನೋಡು," ಅಂದರು. "ಬಾಗಿಲಾ ತೆಗೆದು ಹೊರಗ ಬಂದೆ. ಕಾಲೇಜಿನ ತನಕಾ ಮ್ಯಾಲೆ ನೋಡ್ಕೋತ ನಡದೆ. ಕೆಳಗ ನೋಡಿದ್ರ ವಾಪಸ್ ಮನಿಗಿ ಹೋಗ್ತಿದ್ದೆ."

ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುಮ್ಮನಾದರಂತೆ. ಜವಾನ ಮಾತ್ರ ಪಾಪ, ಖರೇನೇ ತಿಳಿಯದೆ, "ಮೇಡಂ, ಇವತ್ತೇನರ ಫಂಕ್ಷನ್ ಅದ ಏನ್ರಿ?" ಎಂದು ಕೇಳಿದನಂತೆ. "ಹೌದು, ನಂದೇ" ಅಂದರಂತೆ ಇವರು. ಹೇಳಿ ಗಹಗಹಿಸಿ ನಕ್ಕರು. ನಗು ನಿಂತ ಮೇಲೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಆ ಗದ್ದ ಎತ್ತಿದ ನಡಿಗೆಯನ್ನು ಠೇಂಕಾರವೆಂದು ಊರು ತಿಳಿದಿತ್ತು, ನಾನೂ ಹಾಗೇ ತಿಳಿದಿದ್ದೆ.

ಹೀಗೆಂದ ಮಾತ್ರಕ್ಕೆ ಅವರನ್ನು ದೊಡ್ಡ ತ್ಯಾಗಿ ಎಂದು ಯಾರೂ ತಿಳಿಯುವುದು ಬೇಡ. ಠೇಂಕಾರವೂ ಇತ್ತು, ಬೇಕಾದಷ್ಟಿತ್ತು. ನಾಲಿಗೆ ಕೆಟ್ಟದ್ದು. ಯಾರದೋ ಮದುವೆಗೆ ಹೋಗಿ, ಮದುಮಗಳ ಸೀರೆಯ ಬಣ್ಣ ಸರಿಯಿಲ್ಲವೆಂದು ಊಟ ಮಾಡದೆ ಎದ್ದು ಬಂದಿದ್ದರು. ಹೈದರಾಬಾದಿಗೆ ಹೋದಾಗಲೆಲ್ಲ ಫುಟ್‌ಪಾತಿನಿಂದ ದಪ್ಪ ದಪ್ಪ ವಿದೇಶಿ ಫ್ಯಾಷನ್ ಮ್ಯಾಗಜೀನು ಹೊತ್ತು ತರುತ್ತಿದ್ದರು. ಅವನ್ನು ಮುಟ್ಟಬೇಕಾದರೆ ನಾವು ಕೈ ತೊಳೆಯಬೇಕು. ನನ್ನ ಮೊದಲ ಅಂಕಣ ಅಚ್ಚಾದಾಗ ಹೆಮ್ಮೆಯಿಂದ ಒಯ್ದು ಕೊಟ್ಟೆ. ಓದುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫ್ಯಾಷನ್ ಬರೀತಾಳಂತ. ತೋಳು ನೋಡು, ಚೀಲಾ ತೊಟ್ಟಂಗ ಕಾಣ್ತದ" ಅಂದರು. ನಾಲ್ಕು ತಿಂಗಳು ನಾನು ಅವರ ಮನೆ ಕಡೆ ಹೋಗಲಿಲ್ಲ.

ಕಾದಂಬರಿಯ ಪಾಡು ಇನ್ನೂ ಕಷ್ಟದ್ದು. ನನ್ನದೂ ಒಬ್ಬ ಹುಡುಗಿ ಬೆಳೆಯುವ ಕಥೆಯೇ. ಔರಾದಿನ ಹುಡುಗಿ, ಕೊನೆಗೆ ಬೀದರಿನ ಬಸ್ಸು ಹತ್ತುತ್ತಾಳೆ. ಆ ಕೊನೆಯ ಪುಟ ಎಲ್ಲರಿಗೂ ಹಿಡಿಸಿತ್ತು. ಮೇಡಂ ಫೋನು ಮಾಡಿ ಒಂದೇ ಮಾತು ಕೇಳಿದರು.

"ನಿನ್ನ ಹುಡುಗಿ ಬಸ್ಸು ಹತ್ತೋವತ್ತಿಗಿ ಏನು ತೊಟ್ಟಿದ್ಳು?"

ನನಗೆ ಗೊತ್ತಿರಲಿಲ್ಲ. ಹಾಗೇ ಹೇಳಿದೆ.

"ನಿನಗೇ ಗೊತ್ತಿಲ್ಲಂದ್ರ ಆಕಿ ಹತ್ತೇ ಇಲ್ಲ. ಇನ್ನಾ ಸ್ಟ್ಯಾಂಡಿನ್ಯಾಗೇ ನಿಂತಾಳ, ಪಾಪ."

ಫೋನು ಇಟ್ಟರು. ಅವತ್ತಿನಿಂದ ಎರಡನೆಯ ಕಾದಂಬರಿಗೆ ಕೂತಾಗಲೆಲ್ಲ ಆ ಹುಡುಗಿ ಸ್ಟ್ಯಾಂಡಿನಲ್ಲಿ ನಿಂತು ನನ್ನನ್ನೇ ನೋಡುತ್ತಾಳೆ. ನನಗೆ ಕೂರಲಾಗುವುದಿಲ್ಲ.

ಯಾರೂ ತೊಡಲಾಗದ ಬಟ್ಟೆಯನ್ನು ಇಷ್ಟು ಕಷ್ಟಪಟ್ಟು ಯಾಕೆ ಹೊಲಿಯುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. ಮ್ಯಾಗಜೀನಿನಲ್ಲಿ ಒಬ್ಬಳು ಬಾಗಿಲಲ್ಲಿ ಹಿಡಿಸದಷ್ಟು ಅಗಲದ ಗೌನು ತೊಟ್ಟು ನಿಂತಿದ್ದಳು. ನನಗೆ ಅದು ಹಸಿವಿದ್ದ ಊರಿನಲ್ಲಿ ಅನ್ನ ಚೆಲ್ಲಿದ ಹಾಗೆ ಕಂಡಿತ್ತು. ಈಗಲೂ ಅರ್ಧ ಮನಸ್ಸು ಹಾಗೇ ಹೇಳುತ್ತದೆ. ಮೇಡಂ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಯಾರರ ತೊಡಲಿ ಅಂತ ಹೊಲದಿಲ್ಲ ಇದು. ಹಿಂಗೂ ತೊಡಬೌದು ಅಂತ ಹೊಲದಾರ. ಕಾದಂಬರಿನೂ ಹಂಗೇ. ಓದಿದಾಕಿ ಆ ಹುಡುಗಿ ಆಗಂಗಿಲ್ಲ. ಹಿಂಗೂ ಆಗಬೌದು ಅಂತ ಗೊತ್ತಾಗ್ತದ. ಅಷ್ಟು ಗೊತ್ತಾಗಿದ್ರ ನಾ ಆ ಬೂದಿ ಸೀರಿ ಅಷ್ಟು ವರ್ಷ ಉಡ್ತಿದ್ದಿಲ್ಲ" ಅಂದರು. ಈ ಮಾತನ್ನು ನಾನು ಎಷ್ಟೋ ಅಂಕಣಗಳಲ್ಲಿ ನನ್ನದೇ ಎನ್ನುವ ಹಾಗೆ ಬರೆದುಕೊಂಡಿದ್ದೇನೆ. ಅವರು ಓದಿ ಏನೂ ಅನ್ನಲಿಲ್ಲ.

ಇನ್ನು ಕೋಟಿನ ವಿಷಯ. ಅದನ್ನು ಹೇಳದೆ ಎಲ್ಲಿ ಕೂತರೂ ನನಗೆ ಚಡಪಡಿಕೆ.

ಮೇಡಮ್ಮಿಗೆ ಒಬ್ಬನೇ ತಮ್ಮ. ಔರಾದಿನಲ್ಲಿ ಹೊಲ ಮನೆ ನೋಡಿಕೊಂಡಿದ್ದವರು. ಅವರ ತಾಯಿ ತೀರಿಕೊಂಡಾಗ ಮನೆಯಲ್ಲಿ ಒಂದು ಕೌದಿ ಉಳಿದಿತ್ತು. ಹಳೆಯ ಸೀರೆ, ಅಂಗಿ, ಲಂಗ, ಧೋತರ ಎಲ್ಲವನ್ನೂ ತುಂಡು ತುಂಡಾಗಿ ಜೋಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ಹೊದಿಕೆ. ನಮ್ಮ ಕಡೆ ಕೌದಿಯನ್ನು ಯಾರೂ ಹಂಚಿಕೊಳ್ಳುವುದಿಲ್ಲ, ಬಿಸಾಡುವುದೂ ಇಲ್ಲ. ಹರಿದರೆ ಅದರ ಮೇಲೆ ಇನ್ನೊಂದು ತುಂಡು ಕೂರುತ್ತದೆ. ಬಂಗಾರ ಬೇಕಾದರೆ ಒಯ್ಯಿ, ಕೌದಿ ಇರಲಿ ಎಂದು ತಮ್ಮ ಹೇಳಿದರಂತೆ. ಮೇಡಂ ಬಂಗಾರ ಬಿಟ್ಟು ಕೌದಿ ತಂದರು. ತಂದವರು ಹೊದ್ದುಕೊಂಡು ಮಲಗಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ಬೇಸಿಗೆಯ ರಜೆಯಲ್ಲಿ ನೆಲದ ಮೇಲೆ ಹಾಸಿ, ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಕತ್ತರಿ ಹಾಕಿದರು. ಮೊಣಕಾಲ ತನಕ ಬರುವ ಕೋಟು ಮಾಡಿಕೊಂಡರು. ಎತ್ತಿದ ಕಾಲರು, ಬಿಗಿಯಾದ ಹೆಗಲು, ಕಂಕುಳಿಗೆ ಅಂಟಿಕೊಂಡ ತೋಳು. ಒಳಗಿಂದ ಕೆಂಪು, ಹಸಿರು, ನೀಲಿ, ಅರಿಸಿನ ಎಲ್ಲ ಎದ್ದು ಬರುತ್ತಿದ್ದವು. ನಾನು ನೋಡಿದ ಯಾವ ಶೋದಲ್ಲೂ ಅಂಥದೊಂದನ್ನು ನೋಡಿಲ್ಲ. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ.

ಅದನ್ನು ಮೊದಲ ಸಲ ತೊಟ್ಟದ್ದು ಕಾಲೇಜಿನಲ್ಲಿ ಅವರ ನಿವೃತ್ತಿ ಸಮಾರಂಭದ ದಿನ. ವೇದಿಕೆಗೆ ಬಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ನಮ್ಮಂಥ ಹಳೆಯ ವಿದ್ಯಾರ್ಥಿನಿಯರು ಸಿಳ್ಳೆ ಹೊಡೆಯುವುದೊಂದು ಬಾಕಿ. ಮುಂದಿನ ಸಾಲಿನಲ್ಲಿ ತಮ್ಮ ಕೂತಿದ್ದರು, ಹೊಸ ಅಂಗಿ, ಹೆಗಲ ಮೇಲೆ ಅಕ್ಕನಿಗೆ ಹೊದಿಸಲು ತಂದ ಶಾಲು. ಅವರು ಕೋಟನ್ನು ನೋಡಿದರು. ಮೊದಲು ಗುರುತು ಹತ್ತಲಿಲ್ಲ. ಆಮೇಲೆ ಹತ್ತಿತು. ಎದ್ದು, ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ನಡುವಿನ ದಾರಿಯಲ್ಲಿ ಹೊರಗೆ ಹೋದರು. ಮೇಡಂ ಮೈಕಿನ ಮುಂದೆ ನಿಂತವರು ಅದನ್ನು ನೋಡಿದರು. ಭಾಷಣ ನಿಲ್ಲಿಸಲಿಲ್ಲ. ಅವತ್ತಿನಿಂದ ಅಕ್ಕ ತಮ್ಮನ ನಡುವೆ ಮಾತು ನಿಂತಿತು.

ನಡುವೆ ಬಾಯಿ ಹಾಕುವ ಚಾಳಿ ನನ್ನದು. ತೊಗರಿ ಬರುವ ಕಾಲದಲ್ಲಿ ಆ ತಮ್ಮ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಮಾಲು ತರುತ್ತಾರೆಂದು ಗೊತ್ತಿತ್ತು. ಹುಡುಕಿಕೊಂಡು ಹೋದೆ. ಒಂದು ದಲಾಲಿ ಅಂಗಡಿಯ ಮುಂದೆ ತೊಗರಿ ಚೀಲಕ್ಕೆ ಒರಗಿ ಕೂತಿದ್ದರು. ಲಾರಿ, ಕೈಗಾಡಿ, ಹಮಾಲರ ಕೂಗು. ನನ್ನನ್ನು ಗುರುತು ಹಿಡಿದು ಚಹಾ ತರಿಸಿದರು. ನಾನು ಮೇಡಂ ಅವರ ಮಾತು ತೆಗೆದೆ.

"ನೋಡು ತಂಗಿ, ಆಕಿ ಬೇಕಾದ್ದು ತೊಡಲಿ. ಊರ ಮಂದಿ ನಗತಾರಂತ ನಾ ಎಂದೂ ಒಂದು ಮಾತು ಅಂದಿಲ್ಲ. ಕೇಳು ಬೇಕಾದ್ರ," ಅಂದರು. "ಆ ಕೌದ್ಯಾಗ ನಮ್ಮವ್ವ ನಮ್ಮಿಬ್ರನ್ನೂ ಒತ್ತಟ್ಟಿಗಿ ಹೊಚ್ಚಿ ಮಲಗಸ್ತಿದ್ಳು. ಇಬ್ರಿಗೂ ಅದು ಒಂದೇ ಇತ್ತು. ಆಕಿ ಅದನ್ನ ಕೊಯ್ದು ಒಬ್ಬಾಕೇ ತೊಡೋವಂಗ ಮಾಡ್ಕೊಂಡ್ಳು."

ಚಹಾದ ಕಪ್ಪನ್ನು ಕೆಳಗಿಟ್ಟರು.

"ಅವ್ವನ ಕೌದಿಗಿ ಕತ್ತರಿ ಹಾಕೋದಂದ್ರ ಏನಂತ ತಿಳಿದಾಳ? ನನ್ನ ಕೈಲೆ ಆಗ್ತಿದ್ದಿಲ್ಲ. ಆಕೀಗಿ ಹ್ಯಾಂಗ ಆತು? ಅದೊಂದು ಹೇಳಲಿ, ಮಾತಾಡ್ತೇನಿ."

ಇದನ್ನು ಮೇಡಂಗೆ ಹೇಳಿದೆ. ಅವರು ಕೋಟನ್ನು ಮಡಿಲಿಗೆ ಎಳೆದುಕೊಂಡರು. "ಅವನು ಹೇಳೋದು ಖರೇ ಅದ. ನಾ ಮಾಡಿದ್ದೂ ಖರೇ ಅದ. ಇನ್ನ ಹ್ಯಾಂಗ?" ಅಂದರು. ಆಮೇಲೆ ಅವರ ಎಂದಿನ ದನಿಯಲ್ಲಿ, "ಕೇಳು. ಬ್ಯಾರೆ ಮಂದ್ಯಾಗ ಸತ್ತವ್ರನ್ನ ಮಲಗಿಸಿ ಒಯ್ತಾರ. ನಮ್ಮ ಲಿಂಗಾಯತ್ರಾಗ ಕೂಡಿಸಿ ಒಯ್ತಾರ. ಊರೆಲ್ಲ ಬಾಗಿಲ್ದಾಗ ನಿಂತು ನೋಡ್ತದ. ಅದಕ್ಕಿಂತ ದೊಡ್ಡ ಶೋ ಯಾವುದದ? ನಾ ಹೋದಾಗ ಈ ಕೋಟು ತೊಡಿಸು. ಗಂಡ ಇಲ್ಲದಾಕಿ ಅಂತ ಬಿಳಿ ಸುತ್ತಿ ಕೂಡಸಿದ್ರ ಎದ್ದು ಬಂದುಬಿಡ್ತೇನಿ ನೋಡು" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. "ನಗಬ್ಯಾಡ. ಅದೊಂದು ಸಲ ಬ್ಯಾರೆಯವ್ರ ಕೈಯಾಗ ಇರ್ತೇನಿ. ನೀ ಇರು" ಅಂದರು. ಇರುತ್ತೇನೆ ಎಂದು ಮಾತು ಕೊಟ್ಟೆ.

ಬೆಳಿಗ್ಗೆ ಫೋನು ಬಂದಾಗ ನಾನು ಇನ್ನೂ ಹಲ್ಲುಜ್ಜಿರಲಿಲ್ಲ. ಭಾಲ್ಕಿಯಲ್ಲಿ ಮೇಡಂ ಅವರ ಪಕ್ಕದ ಮನೆಯ ಮುದುಕಿ, ನಾವೆಲ್ಲ ಆಪಾ ಅನ್ನುವವರು, ಅಳುತ್ತ, "ಮೇಡಂ ಹೋಗ್ಬಿಟ್ರು ಬೇಟಾ. ಜಲ್ದಿ ಬಾ" ಅಂದರು. ಬೀದರಿನಿಂದ ಬಸ್ಸು ಹತ್ತಿದೆ. ಆ ಬಸ್ಸು ಎಷ್ಟು ಕಡೆ ನಿಂತಿತೋ, ನಿಂತಾಗಲೆಲ್ಲ ಇಳಿದು ಓಡಬೇಕೆನ್ನಿಸುತ್ತಿತ್ತು. ಹೋದಾಗ ಓಣಿಯವರು ಮೇಡಮ್ಮನ್ನು ಗೋಡೆಗೆ ಒರಗಿಸಿ, ಕೈಗಳನ್ನು ಮಡಿಲಲ್ಲಿಟ್ಟು ಕೂಡಿಸಿದ್ದರು. ಆಪಾ ಕಪಾಟಿನಿಂದ ಕೋಟು ತೆಗೆದು ನನ್ನ ಕೈಗೆ ಕೊಟ್ಟರು. "ಇದು ಬಿಟ್ಟು ಬ್ಯಾರೇದು ಹಾಕಬ್ಯಾಡ್ರಿ. ಮುಝೆ ಭೀ ಬೋಲೆ ಥೇ. ನನಗೂ ಹೇಳಿದ್ರು" ಅಂದರು.

ಮಧ್ಯಾಹ್ನಕ್ಕೆ ಟೆಂಪೋ ತೆಗೆದುಕೊಂಡು ಮೇಡಂ ಅವರ ತಮ್ಮ ಬಂದರು. ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಔರಾದಿನ ಹೊಲದಲ್ಲಿ ಅವ್ವನ ಪಕ್ಕ ಮಣ್ಣು ಮಾಡುತ್ತೇವೆ ಎಂದಷ್ಟೇ ಹೇಳಿದರು. ಮೇಡಮ್ಮನ್ನು ಕುರ್ಚಿಯಲ್ಲಿ ಕೂಡಿಸಿ, ಹಳೆಯ ಸೀರೆಯಿಂದ ಬಿಗಿದು, ಟೆಂಪೋ ಮೇಲೆ ಇಟ್ಟರು. ನಾನು ಹತ್ತಿದೆ. ಡ್ರೈವರ್ ಪಕ್ಕ ತಮ್ಮ ಕೂರುತ್ತಾರೆ ಅಂದುಕೊಂಡಿದ್ದೆ. ಹಿಂದೆ ಹತ್ತಿ, ಅಕ್ಕನ ಕಾಲ ಹತ್ತಿರ ಕೂತು, ತಗ್ಗಿನಲ್ಲಿ ಅಲುಗಾಡದಂತೆ ಕುರ್ಚಿಯ ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಖ ಮಾತ್ರ ಎತ್ತಲಿಲ್ಲ.

ಠಾಣಾ ಕುಶನೂರು ದಾಟುವಾಗ ನಾನು ಹೇಳಿದೆ. "ಕಾಕಾ, ಈ ಚೀಲದಾಗ ಕೋಟು ಅದರಿ. ಮೇಡಂ ಇದನ್ನೇ ತೊಡಸ್ರಿ ಅಂತ ಹೇಳ್ಯಾರ. ನಾ ಮಾತು ಕೊಟ್ಟೇನಿ."

ಚೀಲದ ಕಡೆ ನೋಡಿದರು. "ನೋಡೂಣು" ಅಂದರು.

ಸಂತಪುರದಲ್ಲಿ ಟೆಂಪೋ ನಿಲ್ಲಿಸಿ ಬಟ್ಟೆ ಅಂಗಡಿಗೆ ಹೋದರು. ಹೆಣ್ಣುಮಗಳಿಗೆ ಕೊನೆಯ ಸೀರೆ ತವರಿನಿಂದ ಬರಬೇಕು, ಅದು ತಮ್ಮನ ಪಾಲಿನದು. ಅವರು ಹೊರಗೆ ಬರುವುದು ತಡವಾಯಿತು. ಬಿಸಿಲಿನಲ್ಲಿ ಮೇಡಂ ಪಕ್ಕ ನಿಂತು ನಾನು ಮನಸ್ಸಿನಲ್ಲೇ ಜಗಳ ಶುರು ಮಾಡಿದ್ದೆ. ಕಾಗದದಲ್ಲಿ ಸುತ್ತಿದ ಗಂಟು ಹಿಡಿದುಕೊಂಡು ಬಂದು ಹತ್ತಿದರು. ಯಾವ ಬಣ್ಣ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಔರಾದಿನ ಮನೆಯಲ್ಲಿ ಹೆಂಗಸರು ಕಾದಿದ್ದರು. ಮೇಡಂ ಅವರ ದೊಡ್ಡವ್ವ, ತುಂಬ ವಯಸ್ಸಾದವರು, ಎಲ್ಲವನ್ನೂ ನಡೆಸುತ್ತಿದ್ದರು. ಜಳಕ ಆಯಿತು. ಗಂಟು ಬಿಚ್ಚಿದರು. ಬಿಳಿ ಸೀರೆ.

"ಬರೋಬ್ಬರಿ ತಂದಾನ," ಅಂದರು ದೊಡ್ಡವ್ವ.

ಅವರು ಉಡಿಸಿದರು. ಆಮೇಲೆ ನಾನು ಚೀಲದಿಂದ ಕೋಟು ತೆಗೆದೆ. ಅಷ್ಟು ಬಣ್ಣ ಒಮ್ಮೆಲೇ ಹೊರಬಂದದ್ದಕ್ಕೆ ಕೋಣೆಯವರೆಲ್ಲ ತಿರುಗಿ ನೋಡಿದರು.

"ಗಂಡ ಇಲ್ಲದಾಕಿಗಿ ಹಸರು ಕೆಂಪು ಹ್ಯಾಂಗ ತೊಡಸ್ತೀಯವ್ವಾ? ಕಲತಾಕಿ ಇದ್ದಿ, ಇಷ್ಟು ತಿಳ್ಯಂಗಿಲ್ಲೇನು?" ಅಂದರು ದೊಡ್ಡವ್ವ.

"ಮೇಡಂ ತಾವೇ ಹೇಳ್ಯಾರ್ರಿ. ಅವರು ಇಷ್ಟು ವರ್ಷ ಉಟ್ಟಿದ್ದು ನೀವು ನೋಡಿಲ್ಲೇನ್ರಿ?" ನನ್ನ ದನಿ ಎದ್ದಿತ್ತು. ಸತ್ತ ಮನೆಯಲ್ಲಿ ಕೂಗಾಡುತ್ತಿದ್ದೇನೆ ಎಂಬುದು ಗೊತ್ತಿದ್ದೂ ನಿಲ್ಲಿಸಲಾಗಲಿಲ್ಲ. ಒಬ್ಬಳು ಹೋಗಿ ತಮ್ಮನನ್ನು ಕರೆದಳು.

ಅವರು ಬಾಗಿಲಲ್ಲಿ ನಿಂತರು. ದೊಡ್ಡವ್ವ ಹೇಳಿದ್ದನ್ನು ಕೇಳಿದರು, ನಾನು ಹೇಳಿದ್ದನ್ನೂ ಕೇಳಿದರು. ಕೋಟಿನ ಕಡೆ ಬಹಳ ಹೊತ್ತು ನೋಡಿದರು.

"ತೊಡಸ್ರಿ," ಅಂದರು.

ಇಬ್ಬರು ಹೆಂಗಸರು ತೋಳು ಏರಿಸಲು ನೋಡಿದರು. ಬೆಳಗಿನಿಂದ ಮಡಿಲಲ್ಲಿದ್ದ ಕೈಗಳು ಹಾಗೇ ಬಿಗಿದುಕೊಂಡಿದ್ದವು. ಬದುಕಿದ್ದಾಗಲೇ ಆ ತೋಳಿನಲ್ಲಿ ಕೈ ತೂರಿಸುವುದು ಒಂದು ಕಸರತ್ತು. ಮ್ಯಾಗಜೀನಿನಲ್ಲಿ ನೋಡಿ, ಕಂಕುಳಿಗೆ ಅಷ್ಟು ಬಿಗಿ ಇಟ್ಟು ಹೊಲಿದುಕೊಂಡಿದ್ದರು ಪುಣ್ಯಾತ್ಗಿತ್ತಿ. ಎತ್ತಿದರು, ಜಗ್ಗಿದರು, ಆಗಲಿಲ್ಲ.

"ಬ್ಯಾಡ ಬಿಡ್ರಿ. ಇಲ್ಲಂದ್ರ ಬೆನ್ನಾಗ ಕೊಯ್ದು ಮುಂದಿನಿಂದ ಹಾಕಬೇಕಾಗ್ತದ," ಅಂದಳು ಒಬ್ಬಳು.

ಯಾರೋ ಕತ್ತರಿ ತಂದು ನನ್ನ ಕೈಗೆ ಕೊಟ್ಟರು. ಕೋಟಿನ ಬೆನ್ನು ಮೇಲಾಗಿ ನೆಲದ ಮೇಲೆ ಹಾಸಿದೆ. ಅಂಚಿಗೆ ಕತ್ತರಿ ಇಟ್ಟೆ. ಕೈ ಮುಂದೆ ಹೋಗಲಿಲ್ಲ. ಮತ್ತೆ ಇಟ್ಟೆ. ಅಷ್ಟು ಹೊತ್ತು ಜಗಳಾಡಿದವಳು ನಾನೇ, ಈಗ ಅಳುತ್ತ ಕೂತವಳೂ ನಾನೇ. ಹೊತ್ತಾಗುತ್ತದೆ ಎಂದು ಹೊರಗೆ ಗಂಡಸರು ಅವಸರ ಮಾಡುತ್ತಿದ್ದರು.

ತಮ್ಮ ಒಳಗೆ ಬಂದರು. ನನ್ನೆದುರು ಮೊಣಕಾಲೂರಿ ಕೂತರು. "ಇಲ್ಲಿ ಕೊಡು ತಂಗಿ" ಅಂದರು.

ಅಂಚಿನಿಂದ ಶುರು ಮಾಡಿದರು. ಕೌದಿ ದಪ್ಪ, ಎಷ್ಟೋ ಪದರ. ಎರಡೂ ಕೈಯಿಂದ ಕತ್ತರಿ ಒತ್ತಬೇಕಾಗುತ್ತಿತ್ತು. ತುಟಿ ಕಚ್ಚಿಕೊಂಡಿದ್ದರು. ಸೊಂಟದ ತನಕ ಬಂದಾಗ ಕತ್ತರಿ ನಿಂತಿತು. ಅಲ್ಲಿ ನೀಲಿ ಗೆರೆಯ ಒಂದು ಸಣ್ಣ ತುಂಡು ಇತ್ತು. ಬೆರಳಿನಿಂದ ಅದನ್ನು ಸವರಿದರು.

"ಇದು ನಂದು," ಅಂದರು. "ಈ ಅಂಗಿ ಸಾಲಿಗಿ ಹಾಕ್ಕೊಂಡು ಹೋಗ್ತಿದ್ದೆ. ಬೆನ್ನ ನಡುವ ಇಟ್ಕೊಂಡಾಳ."

ಅವರು ಕತ್ತರಿಯನ್ನು ಬದಿಗೆ ಹೊರಳಿಸಿ, ಆ ತುಂಡನ್ನು ಸುತ್ತು ಹಾಕಿ, ಮತ್ತೆ ನಡುವಿಗೆ ತಂದು, ಕಾಲರನ್ನೂ ಸೇರಿಸಿ ಕೊಯ್ದು ಮುಗಿಸಿದರು. ಗೆರೆ ಸೊಟ್ಟಾಯಿತು. ಮೇಡಂ ನೋಡಿದ್ದರೆ ಬೈಯುತ್ತಿದ್ದರು.

ಹೆಂಗಸರು ಮುಂದಿನಿಂದ ಎರಡೂ ತೋಳು ಏರಿಸಿದರು. ಕೊಯ್ದ ಬೆನ್ನನ್ನು ಹಿಂದೆ ಮಡಚಿ, ಹಲಗೆಗೆ ಒರಗಿಸಿ ಕೂಡಿಸಿದರು. ಹಣೆಗೆ ವಿಭೂತಿ ಹಚ್ಚಿದರು. ನಾನು ಕಾಲರ್ ಎತ್ತಿ ನಿಲ್ಲಿಸಿದೆ. ಒಳಗೆ ಬಿಳಿ ಇದ್ದದ್ದರಿಂದ ಕೋಟಿನ ಒಂದೊಂದು ಬಣ್ಣವೂ ಎದ್ದು ಕಂಡಿತು. ದೊಡ್ಡವ್ವ ತಾವೇ ಬಂದು, ಮುಂದಿನ ಗುಂಡಿ ಹಾಕಿ, ಸುಕ್ಕು ಎಳೆದು ಸರಿ ಮಾಡಿದರು.

ತಮ್ಮ ಎದ್ದು ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಅಂದು ಮೊದಲ ಸಲ ಅಕ್ಕನ ಮುಖ ನೋಡಿದರು. ತಲೆಯಿಂದ ಕಾಲಿನ ತನಕ, ಹೊಸ ಬಟ್ಟೆ ತೊಟ್ಟವರನ್ನು ಮನೆಯವರು ನೋಡುತ್ತಾರಲ್ಲ, ಹಾಗೆ ನೋಡಿದರು. ಕತ್ತರಿ ಇನ್ನೂ ಕೈಯಲ್ಲೇ ಇತ್ತು.

"ಅಕ್ಕಾ, ಛಂದ ಒಪ್ತದ ನಿನಗ," ಅಂದರು.

ಆಮೇಲೆ ಹೊರಗಿದ್ದವರಿಗೆ ಒಳಗೆ ಬರಲು ಹೇಳಿದರು.